ನನ್ನ ಮುಖಕ್ಕೆ ನನ್ನದೇ ಒಪ್ಪಿಗೆ ಸಾಲದೇ?

ಮಾನ್ಯ ಅಧ್ಯಕ್ಷರೇ,

ತಾವು ಡಿಜಿಟಲ್ ಪಾತ್ರಶಿಲ್ಪ ಸ್ಪರ್ಧೆಯ ನಿಯಮಪಾಲನಾ ಸಮಿತಿಗೆ ಅಧ್ಯಕ್ಷರು; ಆ ಸಮಿತಿ ಕತ್ತು ಹಿಡಿದು ಹೊರದಬ್ಬಿದ ಏಳನೇ ನಂಬರಿನ ರಾಕ್ಷಸನಿಗೆ ನಾನು ಕರ್ತೃ. ನನ್ನ ಅಹವಾಲು ಇಷ್ಟೇ: ನಾನು ನನ್ನನ್ನು ಅವಮಾನಿಸಿದ್ದೇನೆ ಎಂದು ತಾವು ತೀರ್ಪು ಕೊಟ್ಟಿದ್ದೀರಿ. ಆ ಅವಮಾನಕ್ಕಾಗಿ ನಾನು ನನ್ನಲ್ಲಿ ಲಿಖಿತ ಕ್ಷಮೆ ಕೇಳಬೇಕೆಂದು ಆದೇಶಿಸಿದ್ದೀರಿ. ನಾನು ನನ್ನನ್ನು ಕ್ಷಮಿಸಿದರೂ ಅದು ಊರ್ಜಿತವಲ್ಲವೆಂದು ಕೊನೆಗೊಂದು ಷರಾ ಬೇರೆ ಬರೆದಿದ್ದೀರಿ. ಖಾಸಗಿಯಾಗಿ ಕಳಿಸಿದ ಮನವಿಗಳಿಗೆಲ್ಲ "ಸ್ವೀಕರಿಸಲಾಗಿದೆ" ಎಂಬ ಒಂದೇ ಮಾತಿನ ಉತ್ತರ ಬಂದದ್ದರಿಂದ ಈಗ ಬಹಿರಂಗವಾಗಿ ಬರೆಯುತ್ತಿದ್ದೇನೆ. ಹೇಗೂ ಮುಖವೇ ಬಹಿರಂಗವಾಗಿದೆ, ಪತ್ರ ಮುಚ್ಚಿಟ್ಟು ಏನು ಮಾಡಲಿ?

ನಾನು ಫೋಟೋ ಅಂಗಡಿಯವನು. ದೊಡ್ಡ ಸ್ಟುಡಿಯೋ ಎಂದು ತಾವು ಊಹಿಸಿಕೊಳ್ಳಬೇಡಿ. ಔಷಧಿ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ ಸಿಕ್ಕಿಕೊಂಡ ಒಂದು ಕೋಣೆ. ಒಂದು ಸ್ಟೂಲು, ಹಿಂದೆ ಬಿಳಿ ಪರದೆ, ಎರಡು ದೀಪ, ಮೂಲೆಯಲ್ಲಿ ಕಂಪ್ಯೂಟರು. ಅರ್ಜಿಗೋ ಗುರುತಿನ ಚೀಟಿಗೋ ಮುಖ ಬೇಕಾದವರು ಬರುತ್ತಾರೆ. "ಗದ್ದ ಸ್ವಲ್ಪ ಕೆಳಗೆ, ನಗಬೇಡಿ" ಎನ್ನುವುದೇ ನನ್ನ ಬದುಕಿನ ಮುಖ್ಯ ಸಂಭಾಷಣೆ. ಅವರು ಹೋದ ಮೇಲೆ ಅವರ ಮೊಡವೆ ಅಳಿಸುತ್ತೇನೆ, ಕಣ್ಣ ಕೆಳಗಿನ ಕಪ್ಪು ತಿಳಿ ಮಾಡುತ್ತೇನೆ, ಓರೆಯಾದ ಕಾಲರು ನೆಟ್ಟಗೆ ಮಾಡುತ್ತೇನೆ. ಹೀಗೆ ಜನ್ಮವಿಡೀ ಪರರ ಮುಖ ತೊಳೆದವನಿಗೆ ಒಮ್ಮೆಯಾದರೂ ಒಂದು ಮುಖವನ್ನು ಮನಸಾರೆ ಕೆಡಿಸಬೇಕು ಅನ್ನಿಸಿದರೆ ತಪ್ಪೇ ಸ್ವಾಮಿ?

ಮಗಳು ಚಿತ್ರ ಬಿಡಿಸುವ ಹುಚ್ಚು ಬಿಟ್ಟು ಈಜಿನ ಹುಚ್ಚು ಹಿಡಿಸಿಕೊಂಡ ಮೇಲೆ ಅವಳ ಪೆನ್ ಟ್ಯಾಬ್ಲೆಟ್ ನನಗೆ ಬಳುವಳಿಯಾಗಿ ಬಂತು. ಬೇರೆಯವರ ಮನೆಯಲ್ಲಿ ಬಳುವಳಿ ಮೇಲಿಂದ ಕೆಳಗಿಳಿಯುತ್ತದೆ, ನಮ್ಮಲ್ಲಿ ಕೆಳಗಿಂದ ಮೇಲೆ ಹತ್ತಿತು. ಕಂಪ್ಯೂಟರಿನ ಪರದೆಯ ಮೇಲೆ ಮಣ್ಣಿನ ಮುದ್ದೆಯಂಥದ್ದೊಂದು ಇರುತ್ತದೆ. ಪೆನ್ನಿನಲ್ಲಿ ಎಳೆದರೆ ಮೂಗಾಗುತ್ತದೆ, ಒತ್ತಿದರೆ ಕಣ್ಣಿನ ಗುಳಿಯಾಗುತ್ತದೆ. ಬಲ್ಲವರಿಗೆ ಆಗುತ್ತದೆ ಎನ್ನಿ. ನಾನು ಮಾಡಿದ ಮೊದಮೊದಲ ತಲೆಗಳೆಲ್ಲ ಆಲೂಗಡ್ಡೆಗೆ ಕಿವಿ ಬಂದಂತಿದ್ದವು. ಒಮ್ಮೆ ಕುದುರೆ ಮಾಡಿ ಹೆಂಡತಿಗೆ ತೋರಿಸಿದೆ. "ಸೋಫಾ ಚೆನ್ನಾಗಿದೆ" ಅಂದಳು. ಆದರೂ ಬಿಡಲಿಲ್ಲ. ಗಿರಾಕಿಗಳಿಲ್ಲದ ಮಧ್ಯಾಹ್ನಗಳು ನನ್ನಲ್ಲಿ ಧಾರಾಳವಾಗಿವೆ.

ಆಗ ತಮ್ಮ ಪ್ರಕಟಣೆ ಬಂತು. ವಿಷಯ: "ಬಾಗಿಲು ಕಾಯುವ ರಾಕ್ಷಸ". ನೋಡಿದವರು ಒಂದು ಹೆಜ್ಜೆ ಹಿಂದೆ ಸರಿಯಬೇಕು, ಅಂಥ ಮುಖ ಮಾಡಬೇಕು ಎಂದು ಕೂತೆ. ಶಿಲ್ಪ ಕಲಿಸುವವರೆಲ್ಲ ಒಂದು ಮಾತು ಹೇಳುತ್ತಾರೆ: ಪಕ್ಕದಲ್ಲಿ ಕನ್ನಡಿ ಇಟ್ಟುಕೊಳ್ಳಿ, ಹಲ್ಲು ಕಚ್ಚಿದಾಗ ಕೆನ್ನೆ ಹೇಗೆ ಮಡಚಿಕೊಳ್ಳುತ್ತದೆ ನೋಡಿಕೊಳ್ಳಿ. ಗಿರಾಕಿಗಳು ತಲೆ ಬಾಚಿಕೊಳ್ಳುವ ಕನ್ನಡಿಯನ್ನೇ ತಂದು ಪಕ್ಕಕ್ಕಿಟ್ಟುಕೊಂಡೆ. ಹುಬ್ಬು ಗಂಟಿಕ್ಕಿ ನೋಡಿದೆ, ಮೂಗು ಅರಳಿಸಿದೆ, ಗುರ್ ಅಂದೆ. ಬೀಗದವನು ಎರಡು ಸಲ ಇಣುಕಿ, ಏನೂ ಕೇಳದೆ ಹೋದ. ನನ್ನ ಆಣೆಗೂ ಹೇಳುತ್ತೇನೆ, ಕನ್ನಡಿಯಿಂದ ನಾನು ತೆಗೆದುಕೊಂಡದ್ದು ಸ್ನಾಯುಗಳನ್ನು ಮಾತ್ರ. ಮುಖ ತಾನಾಗಿಯೇ ಹಿಂದೆ ಬಂದರೆ ನಾನೇನು ಮಾಡಲಿ?

ಕೊನೆಯ ಸುತ್ತಿಗೆ ಆಯ್ಕೆಯಾದೆ. ಅಧ್ಯಕ್ಷರೇ, ಅದನ್ನು ಓದಿದಾಗ ಸ್ಟೂಲಿನ ಮೇಲೆ ಕೂತಿದ್ದ ಗಿರಾಕಿಗೆ "ನಗಿ, ನಗಿ, ಪರವಾಗಿಲ್ಲ" ಎಂದುಬಿಟ್ಟೆ. ನನ್ನ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಶಿಸ್ತುಭಂಗವಿಲ್ಲ. ಕೊನೆಯ ಸುತ್ತಿನ ಶಿಲ್ಪಗಳನ್ನು ತಾವು ಹೆಸರಿಲ್ಲದೆ, ಬರೀ ನಂಬರು ಹಾಕಿ ಸಾರ್ವಜನಿಕರ ಮತಕ್ಕೆ ಇಟ್ಟಿರಿ. ಫಲಿತಾಂಶದವರೆಗೆ ತಾನು ಯಾರೆಂದು ಬಾಯಿಬಿಟ್ಟ ಸ್ಪರ್ಧಿ ಅನರ್ಹ ಎಂದಿರಿ. ಒಳ್ಳೆಯ ನಿಯಮ, ತಲೆಬಾಗುತ್ತೇನೆ. ನನ್ನ ಹೆಂಡತಿಯೂ ತಲೆಬಾಗಿದಳು. ಹೆಸರು ಹೇಳದೆ, "ದಯವಿಟ್ಟು ಏಳನೇ ನಂಬರನ್ನು ನೋಡಿ" ಎಂದಷ್ಟೇ ಬರೆದು, ಸ್ಪರ್ಧೆಯ ಲಿಂಕಿನ ಜೊತೆ ಅಂಗಡಿಯ ಗಿರಾಕಿಗಳಿಗೆಲ್ಲ ಮೊಬೈಲಿನಲ್ಲಿ ಕಳಿಸಿಬಿಟ್ಟಳು. ನನ್ನ ಮೇಲಿನ ಪ್ರೀತಿಯಿಂದ ಅವಳು ಮಾಡಿದ ಕೆಲಸಗಳಲ್ಲಿ ಇದು ಎರಡನೆಯದು. ಮೊದಲನೆಯದು ಮದುವೆ. ಎರಡರಲ್ಲೂ ಪೆಟ್ಟು ತಿಂದವರು ಯಾರೆಂದು ತಾವೇ ತೀರ್ಮಾನಿಸಿ.

ಆ ಗಿರಾಕಿಗಳಲ್ಲಿ ಒಬ್ಬರು ಕಂಡಕ್ಟರಮ್ಮ. ಬಸ್ಸಿನಲ್ಲಿ ದುಡಿದು ನಿವೃತ್ತರಾದವರು. ಈಗಲೂ ಅಂಗಡಿಗೆ ಬಂದರೆ "ಮುಂದೆ ಹೋಗಿ, ಮುಂದೆ ಹೋಗಿ" ಎನ್ನುತ್ತ ಕೂತವರನ್ನೆಲ್ಲ ಸರಿಸಿಯೇ ಕೂರುವುದು. ನನ್ನನ್ನು ತಮ್ಮಾ ಎನ್ನುತ್ತಾರೆ, ನಾನು ಅಕ್ಕಾ ಎನ್ನುತ್ತೇನೆ. ಒಂದು ದಿನ ಬಂದವರೇ, "ಎಲ್ಲರ ಫೋಟೋ ತೆಗೀತೀಯ, ನಿನ್ನದು ಯಾರೂ ತೆಗೆಯೋದಿಲ್ಲ ಅಲ್ವಾ ತಮ್ಮಾ? ನಿಲ್ಲು" ಎಂದು ತಮ್ಮ ಮೊಬೈಲಿನಲ್ಲಿ ನನ್ನ ಫೋಟೋ ತೆಗೆದುಕೊಂಡು ಹೋದರು. ಇಷ್ಟು ವರ್ಷದಲ್ಲಿ ಒಬ್ಬರಾದರೂ ಕೇಳಿದರಲ್ಲ ಎಂದು ಹೆಂಡತಿಯ ಮುಂದೆ ಕೊಚ್ಚಿಕೊಂಡೆ.

ಮರುದಿನ ಮತ್ತೆ ಬಂದರು. ಬಾಗಿಲು ಎಳೆದುಕೊಂಡು ದನಿ ತಗ್ಗಿಸಿದರು.

"ತಮ್ಮಾ, ಗಾಬರಿ ಆಗಬೇಡ. ಯಾರೋ ಪಾಪಿ ನಿನ್ನ ಮುಖಾನ ರಾಕ್ಷಸಂಗೆ ಅಂಟಿಸಿದ್ದಾನೆ."

"ನನ್ನ ಮುಖಾನಾ?"

"ನೀನೇ. ಕಿವಿ, ಮೂಗು, ಗದ್ದದ ಮೇಲಿನ ಗಂಟು, ಎಲ್ಲ. ನಿನ್ನ ಹೆಂಡತಿ ಎಲ್ಲರಿಗೂ ಕಳಿಸಿದಾಳೆ ನೋಡು, 'ದಯವಿಟ್ಟು ನೋಡಿ' ಅಂತ. ಎಷ್ಟು ನೊಂದ್ಕೊಂಡಿರಬೇಕು ಪಾಪ. ನಾನು ಬಿಡ್ತೀನಾ? ದೂರು ಕೊಟ್ಟಿದೀನಿ. ನಿನ್ನ ಫೋಟೋನೂ ಜೊತೆಗೆ ಹಾಕಿದೀನಿ."

ಬಾಯಿ ಬಿಟ್ಟರೆ ತಮ್ಮ ನಿಯಮದ ಪ್ರಕಾರ ಅನರ್ಹ. ಬಿಡದಿದ್ದರೆ ಅವರ ದೂರಿನ ಪ್ರಕಾರ ಅನರ್ಹ. ಬಾಯಿಯನ್ನು ಅರ್ಧ ತೆರೆದು ನಿಂತೆ. "ನೋಡು, ಈಗಂತೂ ಥೇಟ್ ಅದೇ" ಎಂದು ಅವರು ಕಣ್ಣೊರೆಸಿಕೊಂಡರು.

ಅವರ ದೂರಿನ ಪ್ರತಿಯನ್ನು ತಾವು ವಿವರಣೆ ಕೋರಿ ನನಗೇ ಕಳಿಸಿದಿರಿ. "ಈ ಮನುಷ್ಯ ಬಡಪಾಯಿ. ತನ್ನ ಪಾಡಿಗೆ ತಾನು ಫೋಟೋ ತೆಗೆದುಕೊಂಡಿರುವವನು. ದೇವರು ಕೊಟ್ಟ ಮುಖಕ್ಕೆ ಅವನೇನು ಮಾಡಲಾದೀತು? ಅದನ್ನು ಹೀಗೆ ಆಡಿಕೊಳ್ಳುವುದು ಮನುಷ್ಯತ್ವವೇ?" ಎಂದಿತ್ತು. ನನ್ನ ಪರವಾಗಿ ಇಷ್ಟು ಕಳಕಳಿಯಿಂದ ಯಾರೂ ಎಂದೂ ಬರೆದಿರಲಿಲ್ಲ, ನನಗೆ ಇಷ್ಟು ಅವಮಾನವೂ ಎಂದೂ ಆಗಿರಲಿಲ್ಲ.

ಮೊದಲು ನಾನು ವಾದಿಸಿದ್ದು, ಹೋಲಿಕೆಯೇ ಇಲ್ಲ ಎಂದು. ಬೆಂಬಲಕ್ಕೆ ಮನೆಯವರನ್ನು ಕಂಪ್ಯೂಟರಿನ ಮುಂದೆ ಕೂರಿಸಿದೆ. ಮಗಳು ಬಂದವಳೇ "ಅಪ್ಪಾ, ನಿಂಗೆ ಕೊಂಬು ಸೂಟ್ ಆಗತ್ತೆ" ಅಂದಳು. ಹೆಂಡತಿ, "ಗಿರಾಕಿ ಫೋಟೋ ವಾಪಸ್ ತಂದ ದಿನ ನೀವು ಹೀಗೇ ಇರ್ತೀರ" ಅಂದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನನ್ನ ತಾಯಿಯ ಮುಂದೆ ಆ ಗಾದೆಯೂ ಸೋತಿತು. ಕನ್ನಡಕ ಹಾಕಿಕೊಂಡು ಕೋರೆಹಲ್ಲುಗಳನ್ನು ಬಹಳ ಹೊತ್ತು ನೋಡಿ, "ಹಲ್ಲನ್ನ ಯಾಕೋ ಹಾಗೆ ಬಿಟ್ಟಿದೀಯ? ಡಾಕ್ಟರಿಗೆ ತೋರಿಸಬಾರದಾ?" ಅಂದರು.

ಆಮೇಲೆ ತಮ್ಮ ವಿಚಾರಣೆ. ತಾವು ಮೂವರು ಪರದೆಯ ಮೇಲೆ ಪ್ರತ್ಯಕ್ಷರಾದಿರಿ. ಮಧ್ಯದಲ್ಲಿ ತಾವು. ಎಡಕ್ಕೆ ತಿರುಗಿ ಅಂದಿರಿ, ತಿರುಗಿದೆ. ಕನ್ನಡಕ ತೆಗೆಯಿರಿ ಅಂದಿರಿ, ತೆಗೆದೆ. "ಗದ್ದ ಸ್ವಲ್ಪ ಕೆಳಗೆ" ಎಂದು ಸದಸ್ಯರೊಬ್ಬರು ಹೇಳಿದಾಗ ನನ್ನ ಅಷ್ಟೂ ಗಿರಾಕಿಗಳ ಶಾಪ ಒಟ್ಟಿಗೇ ತಟ್ಟಿದಂತಾಯಿತು. "ಎಡಗಿವಿ ಹೊಂದುತ್ತದೆ, ಮೂಗು ಹೊಂದುತ್ತದೆ" ಎಂದು ಇನ್ನೊಬ್ಬರು ಓದುತ್ತ ಹೋದರು. "ಕೊಂಬು?" ಎಂದು ತಾವು ಕೇಳಿದಿರಿ. "ಕೊಂಬು ಕಲ್ಪನೆ ಸ್ವಾಮಿ" ಎಂದೆ. "ಅದನ್ನು ಸ್ಪರ್ಧಿಯ ಪರವಾಗಿ ದಾಖಲಿಸಿ" ಎಂದಿರಿ. ತಮ್ಮ ನ್ಯಾಯಬುದ್ಧಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆ ಇಡೀ ದಿನದಲ್ಲಿ ನನ್ನ ಪರವಾಗಿ ದಾಖಲಾದದ್ದು ಆ ಕೊಂಬುಗಳು ಮಾತ್ರ.

ಸೋತು, ಹೌದು, ಅದು ನಾನೇ ಎಂದು ಒಪ್ಪಿಕೊಂಡೆ. ಹಾಗಾದರೆ ನಿಯಮ ಹನ್ನೊಂದು ಎಂದಿರಿ: ಜೀವಂತ ವ್ಯಕ್ತಿಯ ಹೋಲಿಕೆಯಿದ್ದರೆ ಆ ವ್ಯಕ್ತಿಯ ಲಿಖಿತ ಒಪ್ಪಿಗೆ ಬೇಕು. ಅಷ್ಟೇ ತಾನೇ ಎಂದು ಅಲ್ಲೇ ಬರೆದು ಕಳಿಸಿದೆ. ತಿರಸ್ಕೃತವಾಯಿತು. ಒಪ್ಪಿಗೆ ಕೊಡುವವರು ಸ್ಪರ್ಧಿಯ ಕುಟುಂಬದವರೋ ಅವಲಂಬಿತರೋ ಸ್ಪರ್ಧಿಯ ಪ್ರಭಾವಕ್ಕೆ ಒಳಗಾದವರೋ ಆಗಿರಕೂಡದಂತೆ! ಅಧ್ಯಕ್ಷರೇ, ನಾನು ನನ್ನ ಕುಟುಂಬದವನು, ನಿಜ. ನನ್ನನ್ನೇ ಅವಲಂಬಿಸಿ ಬದುಕಿದ್ದೇನೆ, ಅದು ದೌರ್ಭಾಗ್ಯ, ಆದರೂ ನಿಜ. ಆದರೆ ಪ್ರಭಾವ? ನನ್ನ ಮೇಲೆ ನನಗೆ ಪ್ರಭಾವವಿದ್ದಿದ್ದರೆ ಬೆಳಗಾಗುವ ಮುಂಚೆ ಎದ್ದು ನಡೆಯಲು ಹೋಗುತ್ತಿದ್ದೆ, ಸಕ್ಕರೆ ಬಿಡುತ್ತಿದ್ದೆ, ಬೀಗದವನಿಗೆ ಕೊಟ್ಟ ಏಣಿಯನ್ನು ವಾಪಸ್ ಕೇಳುತ್ತಿದ್ದೆ. ನಾನು ಹೇಳಿದ್ದನ್ನು ನಾನು ಕೇಳಿದ ಒಂದೇ ಒಂದು ಉದಾಹರಣೆಯನ್ನು ಸಮಿತಿ ತೋರಿಸಲಿ.

ನಗೆ ಸಾಕು. ಒಂದು ಮಾತು ಗಂಭೀರವಾಗಿ ಕೇಳುತ್ತೇನೆ. ಈ ಸಲ ಬಹುಮಾನ ಬಂದ ಶಿಲ್ಪವನ್ನು ನೋಡಿದೆ. ಕೈಚಳಕಕ್ಕೆ ಕೈಮುಗಿದೆ, ಆ ಮಟ್ಟ ನನಗೆ ಈ ಜನ್ಮಕ್ಕಿಲ್ಲ. ಹಿಂದಿನ ವರ್ಷಗಳ ವಿಜೇತರನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಕೊಂಬು ಬೇರೆ, ಕವಚ ಬೇರೆ. ಮುಖ ಮಾತ್ರ ಎಲ್ಲಕ್ಕೂ ಒಂದೇ. ಅದೇ ಕೆತ್ತಿದ ದವಡೆ, ಅದೇ ಅಳೆದಿಟ್ಟ ಕಣ್ಣು. ಅವುಗಳ ಮೇಲೆ ಯಾರೂ ದೂರು ಕೊಡಲಿಲ್ಲ, ಏಕೆಂದರೆ ಅವು ಯಾರನ್ನೂ ಹೋಲುವುದಿಲ್ಲ. ಅವು ಹೋಲುವುದು ಒಂದನ್ನೊಂದು. ಅದಕ್ಕೆ ತಮ್ಮಲ್ಲಿ ನಿಯಮವಿಲ್ಲ. ಒಂದು ಕಣ್ಣು ತುಸು ಕೆಳಗಿದ್ದರೆ, ಗದ್ದದ ಮೇಲೊಂದು ಗಂಟಿದ್ದರೆ, ಅದು ಯಾರದೋ ಮುಖವಾಗಿಬಿಡುತ್ತದೆ ಮತ್ತು ಅಪರಾಧವಾಗುತ್ತದೆ. ಹಾಗಾದರೆ ತಾವು ನಡೆಸುತ್ತಿರುವುದು ಪಾತ್ರಗಳ ಸ್ಪರ್ಧೆಯೋ, ಮುಖ ತೊಳೆಯುವ ಸ್ಪರ್ಧೆಯೋ? ಎರಡನೆಯದಾದರೆ ಮೊದಲೇ ಹೇಳಬಾರದಿತ್ತೇ? ಆ ಕಸುಬಿನಲ್ಲಿ ನನಗೆ ತಕ್ಕಮಟ್ಟಿನ ಅನುಭವವಿದೆ.

ಫಲಿತಾಂಶ ಬಂದ ಮೇಲೆ ಕಂಡಕ್ಟರಮ್ಮನಿಗೆ ನಿಜ ಹೇಳಿದೆ. ಗೆದ್ದ ಸಂಭ್ರಮದಲ್ಲಿ ಬಂದಿದ್ದರು, "ತೆಗೆಸಿ ಹಾಕಿದೆ ನೋಡು ತಮ್ಮಾ!" ಎಂದು. ನಾನು ಕಂಪ್ಯೂಟರು ತೆರೆದು ರಾಕ್ಷಸನನ್ನು ತಿರುಗಿಸಿ ತಿರುಗಿಸಿ ತೋರಿಸಿದೆ. ಅವರು ಸ್ಟೂಲು ಎಳೆದುಕೊಂಡು ಕೂತರು.

"ನೀನೇ ಮಾಡಿದ್ದಾ? ಅಯ್ಯೋ, ನಿನ್ನ ಬಾಯಿಗೆ ಬಂದ ತುತ್ತನ್ನ ನಾನೇ ಕಿತ್ತುಕೊಂಡೆನಲ್ಲೋ!"

ಅಲ್ಲೇ ಕೂತು ತಮ್ಮ ಸಮಿತಿಯ ಕಚೇರಿಗೆ ಫೋನು ಹಚ್ಚಿದರು. ದೂರು ಹಿಂಪಡೆಯಲು ಬಾಧಿತ ವ್ಯಕ್ತಿಯ ಸಹಿ ಬೇಕು ಎಂದರು ತಮ್ಮವರು. ಬಾಧಿತ ವ್ಯಕ್ತಿ ಪಕ್ಕದಲ್ಲೇ ನಿಂತಿದ್ದಾನೆ ಎಂದರು ಇವರು. ಅವನ ಸಹಿ ನಡೆಯುವುದಿಲ್ಲ ಎಂದರು ತಮ್ಮವರು. ಫೋನಿಟ್ಟು ಕಂಪ್ಯೂಟರಿನಲ್ಲಿದ್ದ ರಾಕ್ಷಸನ ಕಡೆ ತಿರುಗಿದರು.

"ಒಂದು ಮಾತು ಹೇಳ್ಲಾ ತಮ್ಮಾ? ಮುಖ ಕೆಟ್ಟದಾಗಿದೆ ಅಂತ ನಾನು ದೂರು ಕೊಟ್ಟಿದ್ದಲ್ಲ. ಬಸ್ಸಲ್ಲಿ ಸಾವಿರ ಮುಖ ನೋಡಿದೀನಿ, ಇದೇನು ಮಹಾ. ಆ ಕಣ್ಣು ನೋಡು. ಬೆಳಗಿಂದ ಸಂಜೆವರೆಗೆ ಬಾಗಿಲಲ್ಲಿ ನಿಂತು, ಒಳಗೆ ಹೋಗೋರನ್ನೆಲ್ಲ ನೋಡಿ, ತನ್ನನ್ನ ಯಾರೂ ನೋಡದೆ ಸುಸ್ತಾಗಿರೋ ಕಣ್ಣು. ಯಾವನೋ ನಿನ್ನನ್ನ ಇಷ್ಟು ಹತ್ತಿರದಿಂದ ನೋಡಿಬಿಟ್ಟಿದಾನಲ್ಲ ಅಂತ ನಂಗೆ ಹೆದರಿಕೆ ಆಯ್ತು."

ನಾನು ದೀಪದ ವೈರು ಸರಿಮಾಡುವವನ ಹಾಗೆ ಬಿಳಿ ಪರದೆಯ ಹಿಂದೆ ಹೋಗಿ ನಿಂತೆ.

ಹೊರಬರುವಷ್ಟರಲ್ಲಿ ಅವರು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. "ಮುಂದಿನ ಸಲಕ್ಕೆ ನನ್ನದು ಮಾಡು. ನಾನೇನು ನಿನ್ನ ಮನೆಯವಳಲ್ಲ. ಒಪ್ಪಿಗೆ ಬರೆದುಕೊಡ್ತೀನಿ. ಸುಕ್ಕು ಒಂದನ್ನೂ ಬಿಡಬಾರದು, ಗೊತ್ತಾಯ್ತಾ?"

ಆದ್ದರಿಂದ ಅಧ್ಯಕ್ಷರೇ, ನನ್ನ ಬೇಡಿಕೆ ಇದು. ಬಹುಮಾನ ಬೇಡ, ಅದು ಹೋಗಬೇಕಾದ ಕೈಗೇ ಹೋಗಿದೆ. ಏಳನೇ ನಂಬರಿದ್ದ ಜಾಗದಲ್ಲಿ ತಾವು ಈಗ ಬೂದುಬಣ್ಣದ ಖಾಲಿ ಚೌಕ ಇಟ್ಟಿದ್ದೀರಲ್ಲ, ಅಲ್ಲಿ ನನ್ನ ರಾಕ್ಷಸನನ್ನು ಮತ್ತೆ ನಿಲ್ಲಿಸಿ. ಮನುಷ್ಯನ ಮುಖಕ್ಕೆ ಆ ಮನುಷ್ಯನದೇ ಒಪ್ಪಿಗೆ ಸಾಕು ಎಂಬ ಒಂದು ಸಾಲನ್ನು ನಿಯಮ ಹನ್ನೊಂದಕ್ಕೆ ಸೇರಿಸಿ. ಕ್ಷಮಾಪಣೆಯ ವಿಷಯದಲ್ಲಿ ಮಾತ್ರ ತಮ್ಮ ಆದೇಶವನ್ನು ಪಾಲಿಸಿದ್ದೇನೆ. ಕ್ಷಮೆ ಕೇಳಿ ಬರೆದು, ಅದನ್ನು ಕನ್ನಡಿಯ ಮುಂದೆ ನಿಂತು ಓದಿದೆ. ಎದುರಿನವನು ಹುಬ್ಬು ಗಂಟಿಕ್ಕಿ ಯೋಚಿಸುತ್ತಿದ್ದಾನೆ, ಇನ್ನೂ ಉತ್ತರ ಕೊಟ್ಟಿಲ್ಲ.

ಇಂತಿ,
ದೂರಿನಲ್ಲಿ ಬಡಪಾಯಿ, ಆದೇಶದಲ್ಲಿ ತಪ್ಪಿತಸ್ಥ,
ಫೋಟೋ ಅಂಗಡಿಯವ
(ಸಹಿ ಇಲ್ಲಿದೆ. ಮುಖ ತಮ್ಮ ಕಡತದಲ್ಲಿದೆ.)