ನನ್ನ ಪುಸ್ತಕದಲ್ಲಿ ಅತ್ತೆಯ ಹೇರ್‌ಪಿನ್ನು

೧೪ ಜೂನ್, ಮಂಗಳವಾರ

ನನ್ನ ಪ್ರೇಮಕಾದಂಬರಿಯಲ್ಲಿ ಅತ್ತೆಯ ಹೇರ್‌ಪಿನ್ನು ಸಿಕ್ಕಿತು. ಅದೂ ನಾನು ಓದಿ ನಿಲ್ಲಿಸಿದ್ದಕ್ಕಿಂತ ಎಷ್ಟೋ ಪುಟ ಮುಂದೆ! "ಇಂಥವನ್ನೆಲ್ಲ ಯಾರಾದ್ರೂ ಓದ್ತಾರಾ" ಎಂದು ಮೂಗು ಮುರಿಯುತ್ತಿದ್ದವರು ಇವರೇ. ಕೇಳಿದ್ದಕ್ಕೆ, ಬಟ್ಟೆ ಮಡಚುತ್ತಲೇ ಹೇಳಿದರು: "ಆ ಹೀರೋ ಬರೀ ಅವಳ ಕಣ್ಣು ಹೊಗಳ್ತಾನೆ ಕಣೇ. ಒಂದಿನನಾದ್ರೂ ಊಟ ಆಯ್ತಾ ಅಂತ ಕೇಳಿದ್ನಾ?"

ನನ್ನ ತಕರಾರೂ ಅದೇ. ಅದಕ್ಕೇ ನನಗೆ ಹುಡುಗಿಯೊಬ್ಬಳು ಬೆಳೆಯುತ್ತ ಹೋಗುವ ಕಥೆಗಳೇ ಇಷ್ಟ. ಅಲ್ಲಿ ಪ್ರೀತಿ ಕೈಕೊಟ್ಟರೂ ಅವಳ ಕಥೆ ಮುಂದುವರಿಯುತ್ತದೆ. ಅಂಥದ್ದೊಂದನ್ನು ಕೊಟ್ಟೆ. ನಾಲ್ಕು ಪುಟ ಓದಿ, "ಇದು ಮದುವೆಗೆ ಮುಂಚೆನೇ ಸಿಕ್ಕಿದ್ರೆ ನಿಮ್ಮಾವನ್ನ ಒಪ್ತಾನೇ ಇರ್ಲಿಲ್ಲ" ಎಂದರು.

ಅಷ್ಟರಲ್ಲಿ ಮಾವ ಬಂದು, ಚಪ್ಪಲಿ ಬಿಡುತ್ತಲೇ ಕೇಳಿದರು: "ಏನೇ, ನಿನ್ನ ಊಟ ಆಯ್ತಾ?"

ಅತ್ತೆ ಕೆಂಪಗಾಗಿ ಪುಸ್ತಕದ ಹಿಂದೆ ಮುಖ ಮರೆಸಿಕೊಂಡರು. ಇಂಥ ನಾಯಕಿಯನ್ನು ಯಾಕೋ ಯಾರೂ ಬರೆಯುವುದೇ ಇಲ್ಲ...