ಬಿಟ್ಟಿಯವರು ಮೊದಲು ಕೂತರು

ಜೂನ್ 22, 2025, ಭಾನುವಾರ
ಸ್ಟೇಡಿಯಂ ಹಿಂದಿನ ಬಾಡಿಗೆ ಮನೆಯಿಂದ

ಪ್ರೀತಿಯ ತಮ್ಮ ಟೆಜ್‌ಗೆ,

ಕಾಲೇಜಿನವರು ನಮಗೆ ಕೊಟ್ಟ ಮಾತುಗಳನ್ನು ಮೊದಲು ಹೇಳಿಬಿಡುತ್ತೇನೆ. ಟಿವಿಯಿಂದ ಬರುವ ಹಣವನ್ನು ಆಟಗಾರರಿಗೆ ಹಂಚುವ ಕಾಲ ಬಂದಾಗ ನಮ್ಮ ಫುಟ್‌ಬಾಲ್ ತಂಡದ ಅಂಗಿ ತೊಟ್ಟ ಪ್ರತಿಯೊಬ್ಬನಿಗೂ ಪಾಲು ಸಿಗುತ್ತದೆ ಎಂದರು. ಅವತ್ತು ಆಡುವುದಿಲ್ಲವೆಂದು ನೆಲದ ಮೇಲೆ ಕೂತವರಲ್ಲಿ ಒಬ್ಬನ ಕೂದಲೂ ಕೊಂಕುವುದಿಲ್ಲ ಎಂದರು. ಆಟಗಾರರ ಬಗ್ಗೆ ಏನೇ ತೀರ್ಮಾನವಾಗಲಿ, ಆ ಕೋಣೆಯಲ್ಲಿ ಆಟಗಾರರಿಗೆ ಕುರ್ಚಿ ಇರುತ್ತದೆ ಎಂದರು.

ಆದದ್ದು ಇದು. ಪಾಲು ನಿನಗೆ ಬಂತು, ನಮಗೆ ಬರಲಿಲ್ಲ. ಕೂದಲು ಕೊಂಕಲಿಲ್ಲ, ತಲೆಯೇ ಹೋಯಿತು. ಕುರ್ಚಿ ಮಾತ್ರ ಕೊಟ್ಟರು. ಆ ಒಂದು ಮಾತನ್ನು ಉಳಿಸಿಕೊಂಡರು.

ಹೇಗಿದ್ದೀಯ? ಏಪ್ರಿಲ್‌ನಿಂದ ನಿನ್ನ ಮೂರು ಸಂದೇಶ ಬಂದವು, ಒಂದಕ್ಕೂ ಉತ್ತರ ಕೊಡಲಿಲ್ಲ. ಬೇಸರಿಸಬೇಡ. ಫೋನಿನಲ್ಲಿ ಬರೆದರೆ ಬೈಗುಳವಾಗುತ್ತಿತ್ತು. ಕಾಗದವಾದರೆ ಕೈ ಸ್ವಲ್ಪ ನಿಧಾನವಾಗುತ್ತದೆ ಎಂದು ನನ್ನ ಅಮ್ಮ ಹೇಳಿದಳು. ಅದಕ್ಕೇ ಇದು.

ನಿನ್ನ ಅಜ್ಜಿ ಮಿಸ್ ಅರ್ಲೀನ್ ಮನೆಗೆ ಹೊಸ ಮಾಡು ಹಾಕಿಸಿದೆಯೆಂದು ಕೇಳಿದೆ. ಒಳ್ಳೆಯ ಕೆಲಸ ಮಾಡಿದೆ. ಮಳೆ ಬಂದಾಗ ಬಕೆಟ್ ಇಟ್ಟುಕೊಂಡು ಆ ಮುದುಕಿ ನಮಗೆ ಮೀನು ಕರಿದು ಹಾಕುತ್ತಿದ್ದದ್ದು ನೆನಪಿದೆ. ನಿನ್ನ ಹಣವನ್ನು ನಾನು ಎಣಿಸಲು ಹೋಗುವುದಿಲ್ಲ. ಅದು ನಿನ್ನ ಎಲುಬಿನ ಹಣ. ನೂರು ವರ್ಷ ಈ ದೇಶದ ಕಾಲೇಜುಗಳು ಹುಡುಗರ ಎಲುಬು ಮಾರಿ ಕ್ರೀಡಾಂಗಣ ಕಟ್ಟಿದವು, ಕೋಚ್‌ಗಳಿಗೆ ಬಂಗಲೆ ಕೊಟ್ಟವು, ಹುಡುಗರಿಗೆ ಮಾತ್ರ ಆಟದ ಪಾವಿತ್ರ್ಯ ಬೋಧಿಸಿದವು. ಆ ಸುಳ್ಳು ಮುರಿದುಬಿದ್ದದ್ದಕ್ಕೆ ನನಗಿಂತ ಖುಷಿಪಟ್ಟವನು ಯಾರೂ ಇಲ್ಲ.

ನನ್ನ ಸುದ್ದಿ ಹೇಳುತ್ತೇನೆ. ಕಾಲೇಜು ಬಿಟ್ಟಿಲ್ಲ. ಫೀಸು ಮೊದಲೂ ಸಾಲದಿಂದಲೇ ಕಟ್ಟುತ್ತಿದ್ದೆ, ಈಗಲೂ ಹಾಗೇ. ಬೇಸಿಗೆಗೆ ಕೆಲಸ ಸಿಕ್ಕಿದೆ, ಎಲ್ಲಿ ಗೊತ್ತೆ? ನಮ್ಮ ಸ್ಟೇಡಿಯಂನಲ್ಲೇ. ಪೂರ್ವದ ಕಡೆ ಮೇಲ್ಗಡೆ ಸಾಹುಕಾರರಿಗೆ ಗಾಜಿನ ಕೋಣೆಗಳನ್ನು ಕಟ್ಟುತ್ತಿದ್ದಾರೆ. ತಂಪಿನಲ್ಲಿ ಕೂತು ಸಿಗಡಿ ತಿನ್ನುತ್ತ ಆಟ ನೋಡುವ ಕೋಣೆಗಳು. ಅವಕ್ಕೆ ಹಲಗೆ ಹೊರುವವನು ನಾನು. ನಿಮಗೆ ಕೊಡುವ ಹಣ ಅಲ್ಲಿಂದ ಹುಟ್ಟಬೇಕಂತೆ. ಈಜುಗಾರರ ತಂಡವನ್ನೇ ಮುಚ್ಚಿದ್ದೂ ಅದಕ್ಕೇ ಅಂತೆ. ಕೊಳದ ನೀರು ಇನ್ನೂ ನೀಲಿಯಾಗಿಯೇ ಇದೆ, ಇಳಿಯುವವರಿಲ್ಲ.

ಮೊನ್ನೆ ಆ ಗಾಜಿನ ಕೋಣೆಗಳಿಂದ ನಿನ್ನನ್ನು ನೋಡಿದೆ. ಕೆಳಗೆ ಮೈದಾನದಲ್ಲಿ ನೀನು ಒಬ್ಬನೇ ಓಡುತ್ತಿದ್ದೆ. ನಾನು ನಿಲ್ಲುತ್ತಿದ್ದ ಜಾಗದಲ್ಲಿ ಒಂದು ರಬ್ಬರ್ ಗೊಂಬೆ ನಿಲ್ಲಿಸಿದ್ದರು. ನೀನು ಅದರ ಮುಂದೆ ಎಡಕ್ಕೆ ವಾಲಿ ಬಲಕ್ಕೆ ತಿರುಗಿದೆ. ಗೊಂಬೆ ಮೋಸ ಹೋಗಲಿಲ್ಲ, ಹೋಗುವುದೂ ಇಲ್ಲ. ಮೂರು ವರ್ಷ ಅಲ್ಲಿ ನಿಂತು ಮೋಸ ಹೋದವನು ನಾನು. ವಾರವಿಡೀ ನಾನೇ ಮುಂದಿನ ಶನಿವಾರದ ಎದುರಾಳಿ. ಅವರ ತಂಡದಲ್ಲಿ ನಿನ್ನನ್ನು ತಡೆಯುವವನು ಯಾರೋ, ಅವನ ನಡಿಗೆ ಕಲಿತು, ಅವರ ಬಣ್ಣದ ಅಂಗಿ ತೊಟ್ಟು, ನಿನ್ನ ಮುಂದೆ ನಿಂತು ಹೊಡೆಸಿಕೊಳ್ಳುವುದು. ವಾರಕ್ಕೊಂದು ವೇಷ. ಶನಿವಾರ ಬಂತೆಂದರೆ ಗೆರೆಯಾಚೆ ನಿಂತು ಟವೆಲ್ ಬೀಸುವುದು. ಸ್ಕಾಲರ್‌ಶಿಪ್ ಇಲ್ಲ, ಸಂಬಳವಿಲ್ಲ, ಟಿವಿಯಲ್ಲಿ ಮುಖವಿಲ್ಲ. ಬಿಟ್ಟಿಯವರು ನಾವು. ಆದರೂ ನೀನು ಗೆದ್ದು ಬಂದಾಗ ತಂಡಕ್ಕೆಲ್ಲ ಹಿರಿಯನಾದ ನನ್ನ ಹೆಲ್ಮೆಟ್ಟಿಗೆ ತಲೆ ತಾಗಿಸಿ, 'ಅಜ್ಜ, ಅವನು ನಿನ್ನಷ್ಟೂ ಕಷ್ಟ ಕೊಡ್ಲಿಲ್ಲ' ಎನ್ನುತ್ತಿದ್ದೆಯಲ್ಲ, ಅದು ನನಗೆ ಸಾಕಾಗುತ್ತಿತ್ತು. ಸಾಕಾಗಬಾರದಿತ್ತು.

ಆ ಶನಿವಾರ ನಿನಗೂ ನೆನಪಿರಬೇಕು. ಎರಡು ಶರತ್ಕಾಲದ ಹಿಂದೆ, ಹಳೆಯ ವಿದ್ಯಾರ್ಥಿಗಳೆಲ್ಲ ಬಂದು ಸೇರಿದ್ದ ದಿನ. ಹೊರಗೆ ಎಂಬತ್ತು ಸಾವಿರ ಜನ. ಒಳಗೆ ಲಾಕರ್ ಕೋಣೆಯಲ್ಲಿ ನಾವು. ಪಾಲು ಕೊಡುವ ಮಾತು ಕಾಲೇಜಿನವರ ಬಾಯಿಂದ ಬರುವ ತನಕ ಮೈದಾನಕ್ಕೆ ಇಳಿಯಬಾರದು ಎಂದು ವಾರವಿಡೀ ಪಿಸುಗುಟ್ಟಿದ್ದೆವು. ಆದರೆ ಹೊತ್ತು ಬಂದಾಗ ಸ್ಕಾಲರ್‌ಶಿಪ್ ಇದ್ದ ಒಬ್ಬನೂ ಕದಲಲಿಲ್ಲ. ಅವರನ್ನು ದೂರುವುದಿಲ್ಲ. ಕಿತ್ತುಕೊಳ್ಳಲು ಅವರ ಬಳಿ ಏನೋ ಒಂದಿತ್ತು. ಆಗ ಹೋಯ್ಟ್, ಆ ದಪ್ಪ ಹುಡುಗ, ಹೆಲ್ಮೆಟ್ ತೆಗೆದು ನೆಲದ ಮೇಲೆ ಕೂತ. 'ನನ್ನ ಹತ್ರ ಕಿತ್ಕೊಳ್ಳೋಕೆ ಏನಿದೆ? ಈ ಹೊಟ್ಟೆ ಬೇಕಾದ್ರೆ ಕಿತ್ಕೊಳ್ಲಿ' ಎಂದ. ನಾನು ಕೂತೆ. ಬಿಟ್ಟಿಯವರೆಲ್ಲ ಕೂತೆವು. ಮತ್ತೆ ಯಾರು ಕೂತದ್ದು? ನೀನು. ತಂಡದ ಕಣ್ಣು, ಊರಿನ ಮುದ್ದು, ಹತ್ತೊಂಬತ್ತರ ಹುಡುಗ. ನನ್ನ ಪಕ್ಕ ಬಂದು ಕಾಲಿನಿಂದ ತಳ್ಳಿದೆ. 'ಜರುಗು ಅಜ್ಜ, ಜಾಗ ಬಿಡು.'

ಆಮೇಲೆ ಇಡೀ ಕೋಣೆ ಕೂತಿತು. ಹೊರಗೆ ಬ್ಯಾಂಡಿನವರು ಇದ್ದಬದ್ದ ಹಾಡೆಲ್ಲ ಮುಗಿಸಿ ಮತ್ತೆ ಮೊದಲಿನಿಂದ ಶುರುಮಾಡಿದರು. ಕ್ರೀಡಾ ವಿಭಾಗದ ನಿರ್ದೇಶಕ ಹಾಲ್‌ಸ್ಟೆಡ್ ತಂಡದ ಬಣ್ಣದ ಟೈ ಕಟ್ಟಿಕೊಂಡು ಬಂದ, ಬೆವರಿದ, ಆ ಮೂರು ಮಾತು ಕೊಟ್ಟ. ನಾವು ಎದ್ದು ಹೋಗಿ ಆಡಿದೆವು. ನೀವು ಆಡಿದಿರಿ, ನಾವು ಟವೆಲ್ ಬೀಸಿದೆವು.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೆಮ್ಮೆಯಿಂದ ಹೇಳಿದ್ದೆ. ಅವಳು ಕೋಳಿ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಸಂಘ ಕಟ್ಟಿದವಳು. ನಾನೂ ಕಾಲೇಜಿಗೆ ಬರುವ ಮುಂಚೆ ಅಲ್ಲೇ ದುಡಿದವನು. ನಿಮಗೆಲ್ಲ ನಾನು ಅಜ್ಜನಾದದ್ದು ಆ ವರ್ಷಗಳಿಂದಲೇ ಅಲ್ಲವೇ? ಅಮ್ಮ ಮೆಚ್ಚಲಿಲ್ಲ. ಹೀಗೆ ಹೇಳಿದಳು: 'ನಮ್ಮಲ್ಲಿ ಕೂಲಿ ಏರಿಸಿದ ದಿನವೇ ಸಾಲಿನಿಂದ ಮೂರು ಜನರನ್ನ ತೆಗೆದ್ರು ಕಣಪ್ಪ. ಉಳಿದೋರು ಕೇಕ್ ಕತ್ತರಿಸಿದ್ರು. ಕೂಲಿ ಎಷ್ಟು ಅಂತ ಕೇಳೋದಕ್ಕಿಂತ ಮೊದಲು ಉಳಿಯೋ ತಲೆ ಎಷ್ಟು ಅಂತ ಹೇಳಿಸ್ಕೋಬೇಕು.'

ನಾವು ಹೇಳಿಸಿಕೊಳ್ಳಲಿಲ್ಲ. ಹಣ ಬಂತು, ಹಣದ ಜೊತೆಗೇ ಬೇಲಿಯೂ ಬಂತು. ತಂಡದಲ್ಲಿ ಇನ್ನು ಮುಂದೆ ಇಷ್ಟೇ ಜನ ಎಂದರು. ಏಪ್ರಿಲ್‌ನಲ್ಲಿ, ಹಣ ಹಂಚಿಕೆಯ ಬಗ್ಗೆ ನ್ಯಾಯಾಲಯದ ತೀರ್ಪು ಕೈಗೆ ಬರುವ ಮೊದಲೇ, ಕೋಚ್ ಬ್ರಾಂಟ್ಲಿ ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆದ. ಹೋಯ್ಟ್, ನಾನು, ಅವಳಿ ಅಣ್ಣತಮ್ಮಂದಿರು, ಕರೆಸಿಕೊಂಡವರೆಲ್ಲ ಬಿಟ್ಟಿಯವರೇ. ಪ್ರತಿಯೊಬ್ಬನಿಗೂ ಇನ್ನು ಜಾಗವಿಲ್ಲ ಎಂಬ ಅದೇ ಮಾತು, ಅದೇ ಕೈಕುಲುಕು. ಲಾಕರ್ ಖಾಲಿ ಮಾಡಲು ಹೋದರೆ ನಮ್ಮ ಹೆಸರಿನ ಪಟ್ಟಿಗಳನ್ನು ಆಗಲೇ ಕಿತ್ತಿದ್ದರು. ಮೊದಲು ಕೂತವರು ಮೊದಲು ಹೋದೆವು.

ಈಗ ವಿಷಯಕ್ಕೆ ಬರುತ್ತೇನೆ. ತೀರ್ಪಿನಲ್ಲಿ ಒಂದು ಕಿಂಡಿ ಇದೆ. ಹೀಗೆ ತೆಗೆದವರನ್ನು ವಿಶ್ವವಿದ್ಯಾಲಯ ಬಯಸಿದರೆ ವಾಪಸು ಸೇರಿಸಿಕೊಳ್ಳಬಹುದು, ಆ ತಲೆಗಳನ್ನು ಮಿತಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಯಸಿದರೆ ಮಾತ್ರ. ಜುಲೈ ಮೊದಲ ವಾರದೊಳಗೆ ಹೆಸರು ಕಳಿಸಬೇಕು. ಆಮೇಲೆ ಆ ಬಾಗಿಲೂ ಮುಚ್ಚುತ್ತದೆ. ನನಗೂ ಹೋಯ್ಟ್‌ಗೂ ಇದು ಕೊನೆಯ ವರ್ಷ.

ನಾವಿಬ್ಬರೂ ಹಾಲ್‌ಸ್ಟೆಡ್‌ನನ್ನು ನೋಡಲು ಹೋದೆವು. ಕಾಫಿ ಕೊಟ್ಟ, ಮನೆಯವರನ್ನು ವಿಚಾರಿಸಿದ, ನಮ್ಮ ಹೆಸರು ಕಳಿಸುವ ಯೋಚನೆ ಇಲ್ಲ ಎಂದ. ಬಾಯಿ ಮಾಡುವವರಿಗಿಂತ ಹೊಸಬರೇ ಮೇಲು ಎಂಬುದು ಅವನ ಮಾತಿನ ತಿರುಳು. ಕೊನೆಗೆ, 'ಇದು ಈಗ ವ್ಯವಹಾರ, ರೋಲಂಡ್. ನೀವೇ ತಾನೆ ಕೇಳಿದ್ದು?' ಎಂದ. ಹೋಯ್ಟ್ ಹೇಳಿದ: 'ಯಾವಾಗಲೂ ವ್ಯವಹಾರಾನೇ ಸಾರ್. ನಮಗೆ ತಿಳಿಸಿದ್ದು ಈಗ.'

ನಾವು ಎದ್ದಾಗ ಹಾಲ್‌ಸ್ಟೆಡ್ ಒಂದು ಮಾತು ಸೇರಿಸಿದ. ಮೂವರು ಕ್ಯಾಪ್ಟನ್‌ಗಳು ಬಂದು ಇವರು ಬೇಕು ಎಂದರೆ ಹೆಸರು ಕಳಿಸಲು ತನಗೇನೂ ಅಡ್ಡಿಯಿಲ್ಲ, 'ಆದ್ರೆ ಅವರು ಕೇಳಲ್ಲ' ಎಂದು ನಕ್ಕ. ಆ ನಗು ನನಗೆ ಅವತ್ತು ಅರ್ಥವಾಗಲಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಮೌಂಟ್ ಪಿಸ್ಗಾ ಚರ್ಚಿನ ಹಿಂದಿನ ಊಟದ ಹಾಲಿನಲ್ಲಿ ನಾವು ಸೇರುತ್ತಿದ್ದೇವೆ. ಕಳೆದ ಸಲ ಹನ್ನೊಂದು ಜನ ಬಂದೆವು, ಈಜುಗಾರರಲ್ಲೂ ಇಬ್ಬರು ಬಂದರು. ಅಮ್ಮ ಒಂದು ಕೊಪ್ಪರಿಗೆ ಬೀನ್ಸ್ ಬೇಯಿಸಿ ಕಳಿಸಿದ್ದಳು. ಹಣ ಪಡೆಯುವ ಒಬ್ಬನೂ ಬರಲಿಲ್ಲ. ನೀನು ಬರಬೇಕು. ಬಂದು ಎಲ್ಲರ ಮುಂದೆ, ಈ ಹುಡುಗರು ಬೇಕು ಎಂದು ಹೇಳಬೇಕು. ನೀನು ಹೇಳಿದರೆ ಉಳಿದ ಇಬ್ಬರು ಕ್ಯಾಪ್ಟನ್‌ಗಳೂ ಹೇಳುತ್ತಾರೆ. ನಿನಗೆ ಭಯವಿರಬಹುದು. ಹೊಸ ಕರಾರಿಗೆ ಸಹಿ ಹಾಕಿದ್ದೀಯ, ಬಾಯಿ ಬಿಟ್ಟರೆ ಕೋಚ್ ಮುಖ ತಿರುಗಿಸುತ್ತಾನೆ, ಮುಂದಿನ ವರ್ಷ ಬೆಲೆ ಇಳಿಸುತ್ತಾರೆ ಎಂದು. ಇಳಿಸಲೂಬಹುದು, ಇಲ್ಲವೆನ್ನುವುದಿಲ್ಲ. ಆದರೆ ಇಂದು ನಮ್ಮನ್ನು ತೆಗೆದ ಕೈಗೆ ನಾಳೆ ನಿನ್ನ ಮೊಣಕಾಲು ನೋಯುವುದೇ ಸಾಕು. ಆ ದಿನ ನಿನ್ನ ಪಕ್ಕ ಕೂರಲು ಯಾರಿರುತ್ತಾರೆ, ಯೋಚಿಸು.

ನಮ್ಮ ಜನಕ್ಕೆ ಒಡೆಯರು ಯಾವತ್ತೂ ಹೀಗೇ ಕೊಟ್ಟದ್ದು. ಒಬ್ಬನಿಗೆ ತಟ್ಟೆ ತುಂಬ, ಪಕ್ಕದವನಿಗೆ ಎಲೆಯೇ ಇಲ್ಲ. ತುಂಬಿದ ತಟ್ಟೆಯವನು ತಲೆ ಎತ್ತುವುದಿಲ್ಲ ಎಂಬುದೇ ಅವರ ಧೈರ್ಯ.

ಅಮ್ಮ ನಿನ್ನನ್ನು ಕೇಳಿದಳು. ಸಣ್ಣಗಾಗಿದ್ದಾನಂತೆ, ಊಟ ಸರಿಯಾಗಿ ಮಾಡುತ್ತಾನೋ ಇಲ್ಲವೋ ಎಂದಳು. ಅಜ್ಜಿಗೆ ನನ್ನ ನಮಸ್ಕಾರ ಹೇಳು. ನಿನ್ನ ಕಾಲು ಗಟ್ಟಿಯಾಗಿರಲಿ, ಗಾಯ ನಿನ್ನ ಹತ್ತಿರ ಸುಳಿಯದಿರಲಿ, ನಿನ್ನ ಹೆಸರು ದೊಡ್ಡದಾಗಲಿ. ಸಿಟ್ಟಿನಲ್ಲಿ ಬರೆದಿದ್ದರೂ ಈ ಹಾರೈಕೆ ಮನಸ್ಸಿನಿಂದಲೇ ಬಂದದ್ದು.

ನಿನ್ನ ಅಣ್ಣ,
ರೋಲಂಡ್ ಪೀವಿ

ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲ ಸಾಲಿನಿಂದಲೂ ಇದು ಗಂಟಲಲ್ಲೇ ಇತ್ತು. ಕಳೆದ ವಾರ ಗ್ರೇಡಿ ಬಂದಿದ್ದ. ನಿಮ್ಮ ಮೂವರು ಕ್ಯಾಪ್ಟನ್‌ಗಳಲ್ಲಿ ಅವನೊಬ್ಬನೇ ನನ್ನ ಮನೆ ಮೆಟ್ಟಿಲು ಹತ್ತಿದ. ಬೇಯಿಸಿದ ಕಡಲೆಕಾಯಿ ಮುಂದಿಟ್ಟೆ, ಮುಟ್ಟಲಿಲ್ಲ. ಏಪ್ರಿಲ್‌ನಲ್ಲಿ ಕೋಚ್ ನಿಮ್ಮನ್ನು ಒಳಗಿನ ಕೋಣೆಗೆ ಕರೆದನಂತೆ. ಪ್ರತಿ ಆಗಸ್ಟ್‌ನಲ್ಲಿ ಕ್ಯಾಪ್ಟನ್‌ಗಳು ಕೂತು, ಈ ವರ್ಷ ಯಾವ ಬಿಟ್ಟಿಯವನಿಗೆ ಸ್ಕಾಲರ್‌ಶಿಪ್ ಕೊಡಬೇಕು ಎಂದು ಹೆಸರು ಹೇಳುತ್ತಾರಲ್ಲ, ಅದೇ ಕೋಣೆ. ಹುಡುಗರನ್ನ ನನಗಿಂತ ನೀವು ಚೆನ್ನಾಗಿ ಬಲ್ಲಿರಿ, ಯಾರನ್ನ ಬಿಡೋಣ ನೀವೇ ಹೇಳಿ ಎಂದನಂತೆ. ಹಾಲ್‌ಸ್ಟೆಡ್ ಮೂಲೆಯಲ್ಲಿ ನಿಂತಿದ್ದನಂತೆ. ನಮಗೆ ಮಾತು ಕೊಟ್ಟಿದ್ದ ಕುರ್ಚಿ ಅದು, ಟೆಜ್.

ಎದ್ದು ಹೊರಗೆ ಬರಬಹುದಿತ್ತು. ಯಾರೂ ಏಳಲಿಲ್ಲ. ಹೆಸರು ಹೇಳಿ ಎಂದರೆ ಹೇಳುವುದು ಆ ಕೋಣೆಯ ಅಭ್ಯಾಸ. ಮೊದಲ ಹೆಸರು ನೀನು ಹೇಳಿದೆ. ನನ್ನದು. 'ಅಜ್ಜನ್ನ ಬಿಡಿ. ಅವನು ಅರ್ಥ ಮಾಡ್ಕೋತಾನೆ' ಎಂದೆಯಂತೆ. ಒಂದು ಹೆಸರು ಬಿದ್ದ ಮೇಲೆ ಉಳಿದವು ಸಲೀಸಾಗಿ ಉದುರಿದವು ಎಂದ ಗ್ರೇಡಿ.

ನಾನು ಅರ್ಥ ಮಾಡಿಕೊಂಡಿಲ್ಲ. ಜೀವನವಿಡೀ ಅರ್ಥ ಮಾಡಿಕೊಂಡವರ ಬೆನ್ನ ಮೇಲೇ ಈ ಊರು ನಿಂತಿದೆ. ಆ ಸಾಲಿಗೆ ನನ್ನನ್ನು ಸೇರಿಸಿದವನು ಕೋಚ್ ಆಗಿದ್ದರೆ ನುಂಗುತ್ತಿದ್ದೆ. ನೀನು ಸೇರಿಸಿದೆ. ಅದು ಇಳಿಯುತ್ತಿಲ್ಲ.

ಹೋಯ್ಟ್‌ಗೂ ಉಳಿದವರಿಗೂ ಇದು ಗೊತ್ತಿಲ್ಲ. ನಾನು ಹೇಳಿಲ್ಲ, ಹೇಳುವುದೂ ಇಲ್ಲ. ನೀನೇ ಬಂದು ಹೇಳು. ಬೈಯುತ್ತಾರೆ, ಒಬ್ಬಿಬ್ಬರು ಎದ್ದು ಹೋದರೂ ಹೋಗಬಹುದು. ನಾನು ಹೋಗುವುದಿಲ್ಲ. ಮುಂದಿನ ಸಭೆ ಇದೇ ಜೂನ್ 26, ಗುರುವಾರ, ಸಂಜೆ ಆರೂವರೆಗೆ.