ಸುಕ್ಕು ಮೊದಲು, ಬಿರುಕು ಆಮೇಲೆ

ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕ,

ನೀನು ಮನೆ ಸೇರಿ ಪಾರ್ಲರಿನ ಬಾಗಿಲು ತೆರೆದೆ ಎಂದು ಭಾವ ಹೇಳಿದರು. ನನಗಾಗಿ ತಿಂಗಳುಗಟ್ಟಲೆ ಮುಚ್ಚಿದ್ದ ಅಂಗಡಿಗೆ ಗಿರಾಕಿಗಳು ಮರಳಿ ಬಂದರೇ? ಫೋನಿನಲ್ಲಿ ಉಪಕಾರದ ಮಾತೆತ್ತಿದರೆ "ಸಾಕು ಬಿಡೇ" ಎಂದು ಬಾಯಿ ಮುಚ್ಚಿಸುತ್ತೀಯ. ಅದಕ್ಕೇ ಈ ಕಾಗದ.

ನಮ್ಮ ಬುಧ ಗ್ರಹದ ನಕ್ಷೆ ಒಪ್ಪಿಗೆಯಾಯಿತು.

ಎರಡೂ ಕಣ್ಣಿಗೆ ಆಪರೇಷನ್ ಆಗಿ ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ, ನನ್ನ ವರ್ಷಗಳ ಕೆಲಸ ಇನ್ನೊಬ್ಬರ ಕೈಗೆ ಹೋಗುವುದರಲ್ಲಿತ್ತು. ಉಳಿದಿದ್ದುದು ಒಂದೇ ಪ್ರಶ್ನೆ. ಭಾರಿ ಬಂಡೆಯೊಂದು ಅಪ್ಪಳಿಸಿ ಬುಧನ ಮೇಲೆ ಆದ ಮಹಾಕುಳಿಯಲ್ಲಿ ಲಾವಾ ಉಕ್ಕಿ, ತುಂಬಿ, ಆರಿದ ಮೇಲೆ ನೆಲದಲ್ಲಿ ಸುಕ್ಕುಗಳೂ ಬಿರುಕುಗಳೂ ಮೂಡಿದ್ದವು. ಯಾವುದು ಮೊದಲು? ನಮ್ಮ ಮುಖ್ಯಸ್ಥರು ಬಿರುಕೇ ಎನ್ನುತ್ತಿದ್ದರು. ನನಗೆ ಅನುಮಾನ.

ನೀನು ಹಾಸಿಗೆಯ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. "ಗಿರಾಕಿಗಳ ಮುಖದ ಸುಕ್ಕು ನೋಡಿ ನೋಡಿ ಸಾಕಾಗಿತ್ತು, ಈಗ ಗ್ರಹದ್ದೂ ನನ್ನ ತಲೆಗೇ ಬಂತಾ," ಎಂದೆ. ನಕ್ಕರೆ ಕಣ್ಣು ನೋಯುತ್ತಿತ್ತು, ಆದರೂ ನಕ್ಕೆ. ಗಗನನೌಕೆ ತೆಗೆದ ಒಂದೊಂದೇ ಚಿತ್ರ ನೋಡಿ ನೀನು ಹೇಳುತ್ತಾ ಹೋದೆ. "ಇದ್ದದ್ದನ್ನ ಹೇಳು, ನಂಗೆ ಬೇಕಾದ್ದನ್ನಲ್ಲ," ಎಂದು ನಾನು ರೇಗಿದಾಗ ನೀನು ಎದ್ದು ಹೋದೆ. ಹೋದವಳು ಚಹಾ ತಂದು ಕೈಗಿಟ್ಟು, ಮತ್ತೆ ಮೊದಲ ಚಿತ್ರದಿಂದ ಶುರುಮಾಡಿದೆ.

ಒಂದು ಮಧ್ಯಾಹ್ನ ನಿನ್ನ ದನಿ ನಿಧಾನವಾಯಿತು.

"ತಡಿ ಕಣೇ. ಸುಕ್ಕು ಉದ್ದಕ್ಕೆ ಬಂದಿದೆ. ಬಿರುಕು ಅದನ್ನ ಸೀಳ್ಕೊಂಡು ಆಚೆಗೆ ಹೋಗಿದೆ."

"ಸರಿಯಾಗಿ ನೋಡಿದ್ಯಾ?"

"ನಿನ್ನಾಣೆ. ಪಕ್ಕದಲ್ಲೂ ಹಾಗೇ ಇದೆ."

ಇಲ್ಲದ ಸುಕ್ಕನ್ನು ಯಾವ ಬಿರುಕು ಸೀಳೀತು? ಗ್ರಹ ತಣ್ಣಗಾಗುತ್ತ ಕುಗ್ಗಿದಾಗ ನೆಲ ಮೊದಲು ಸುಕ್ಕುಗಟ್ಟಿತು. ಬಹುಕಾಲದ ಮೇಲೆ ಅದೇ ನೆಲ ಉಬ್ಬಿ ಬಿರಿಯಿತು. ಪಟ್ಟಿ ಬಿಚ್ಚಿದ ಮೇಲೆ ಎಲ್ಲವನ್ನೂ ನಾನೇ ನೋಡಿದೆ. ನೀನು ಹೇಳಿದ್ದು ಒಂದೂ ಸುಳ್ಳಾಗಲಿಲ್ಲ. ಮುಖ್ಯಸ್ಥರು ಬಹಳ ಹೊತ್ತು ಚಿತ್ರ ನೋಡಿ, "ನಂದೇ ತಪ್ಪು ಕಣಮ್ಮ," ಎಂದರು. ನಕ್ಷೆಯಲ್ಲಿ ನಿನ್ನ ಹೆಸರೂ ಇರಲಿ ಎಂದು ನಾನು ಕೇಳಿದ್ದಕ್ಕೂ ಒಪ್ಪಿದರು.

ಆ ಕತ್ತಲಲ್ಲಿ ನನಗೆ ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ನಿನ್ನ ದನಿ ಇತ್ತು, ಅದನ್ನೇ ಹಿಡಿದುಕೊಂಡಿದ್ದೆ. ನಿನ್ನ ಋಣ ತೀರಿಸುತ್ತೇನೆ ಎನ್ನುವಷ್ಟು ಸೊಕ್ಕು ನನಗಿಲ್ಲ. ಅದು ಹಾಗೇ ಇರಲಿ, ನನಗೆ ಅದೇ ಇಷ್ಟ.

ನಿನ್ನ,
ಮೊದ್ದು

ಇನ್ನೊಂದು ಮಾತು: ಕಣ್ಣು ಪೂರ್ತಿ ಸರಿಹೋಯಿತೆಂದು ಅಮ್ಮನಿಗೆ ಬರೆದಿದ್ದೇನೆ. ನಿನಗೆ ಹಾಗೆ ಬರೆಯಲು ಕೈ ಬರಲಿಲ್ಲ. ಎಡಗಣ್ಣು ಇನ್ನು ಕಾಣುವುದಿಲ್ಲವಂತೆ, ಡಾಕ್ಟರು ಮೊನ್ನೆ ಹೇಳಿದರು. ಬಲಗಣ್ಣು ಗಟ್ಟಿಯಾಗಿದೆ, ಇನ್ನೊಂದು ಕುಳಿಯ ಕೆಲಸ ಒಪ್ಪಿಕೊಂಡೆ. ಅಂಗಡಿಗೆ ರಜೆ ಹಾಕಿ ಓಡಿ ಬರಬೇಡ. ಬಿಡುವಾದಾಗ ಬಾ.